ಸುರಕ್ಷತೆಯ ಹೆಸರಿನಲ್ಲಿ ಹಾಕಿದ ಗೇಟು

ಕೊರೊನಾ ಕಾಲದ ಮಾತು ಬಂದಾಗಲೆಲ್ಲ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಏನೇ ಹೇಳಿ, ನಮ್ಮ ಅಸೋಸಿಯೇಷನ್ ಎಲ್ಲವನ್ನೂ ಚೆನ್ನಾಗಿ ನಿಭಾಯಿಸಿತು.’ ಗೇಟು ಹಾಕಿದ್ದು ಸರಿ, ಮನೆಗೆಲಸದವರನ್ನು ಒಳಗೆ ಬಿಡದೇ ಇದ್ದದ್ದು ಸರಿ, ಪೇಪರ್ ಹಾಕುವ ಹುಡುಗನನ್ನು ತಡೆದದ್ದು ಸರಿ, ಕೆಲಸದವರಿಗೆ ಬೇರೆ ಲಿಫ್ಟು ಗೊತ್ತುಮಾಡಿದ್ದಂತೂ ಬಹಳ ಸರಿ. ಯಾಕೆಂದರೆ ಇದೆಲ್ಲ ‘ಎಲ್ಲರ ಒಳ್ಳೆಯದಕ್ಕೇ’ ಮಾಡಿದ್ದು. ಕೆಲವು ಕಡೆ ಆಗಿನ ಪದಾಧಿಕಾರಿಗಳಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದೂ ಆಯಿತು. ವರ್ಷಗಳು ಕಳೆದಂತೆ ಈ ಅಭಿಪ್ರಾಯ ಗಟ್ಟಿಯಾಗಿ ಕೂತುಬಿಟ್ಟಿದೆ. ಓದಿದವರು, ವಿಚಾರವಂತರು, ಬೇರೆ ಎಲ್ಲ ವಿಷಯಕ್ಕೂ ಸಾಕ್ಷ್ಯ ಕೇಳುವವರು ಈ ಒಂದು ವಿಷಯದಲ್ಲಿ ಏನೂ ಕೇಳದೆ ತಲೆಯಾಡಿಸುತ್ತಾರೆ.

ನಾನು ತಲೆಯಾಡಿಸಲಾರೆ. ಆ ನಿಯಮಗಳಲ್ಲಿ ಬಹುಪಾಲು ರೋಗವನ್ನು ತಡೆಯಲು ಹುಟ್ಟಿದವೇ ಅಲ್ಲ. ಯಾರು ಒಳಗಿನವರು, ಯಾರು ಹೊರಗಿನವರು ಎಂದು ಜನರನ್ನು ವಿಂಗಡಿಸಲು ನಮ್ಮ ಮಧ್ಯಮವರ್ಗ ಬಹಳ ದಿನಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಆಸೆಗೆ ವೈರಸ್ ಒಂದು ನೆಪ ಒದಗಿಸಿತು. ವೈರಸ್ ಹೋಯಿತು, ನಿಯಮಗಳು ಉಳಿದವು. ಇನ್ನೊಂದು ಸೋಂಕು ಬಂದ ದಿನ ಅದೇ ಗೇಟು ಅದೇ ಜನರ ಮುಖಕ್ಕೆ ಮತ್ತೆ ಬಡಿಯುತ್ತದೆ. ಹಾಗಾಗಿಯೇ ಈಗ, ಯಾವ ಭಯವೂ ಇಲ್ಲದ ಈ ಹೊತ್ತಿನಲ್ಲಿ, ಈ ಮಾತು ಆಡಬೇಕಾಗಿದೆ.

ಮೊದಲು ಸೋಂಕು ಎಲ್ಲಿಂದ ಬಂತು ಎಂಬುದನ್ನೇ ನೋಡೋಣ. 2020ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಮೊದಲು ಪತ್ತೆಯಾದ ಸೋಂಕಿತ, ಅಮೆರಿಕದಿಂದ ಬೆಂಗಳೂರಿಗೆ ಮರಳಿದ ಸಾಫ್ಟ್‌ವೇರ್ ಉದ್ಯೋಗಿ. ದೇಶದಲ್ಲೇ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲಿ. ತೀರಿಕೊಂಡ 76 ವರ್ಷದ ಹಿರಿಯರು ಸೌದಿ ಅರೇಬಿಯಾದಿಂದ ಬಂದಿದ್ದರು. ರೋಗ ವಿಮಾನದಲ್ಲಿ ಬಂತು, ಪಾಸ್‌ಪೋರ್ಟ್ ಇದ್ದವರ ಜತೆ ಬಂತು. ವಿಮಾನ ನಿಲ್ದಾಣದಲ್ಲಿ ಕೈಗೆ ಹೋಂ ಕ್ವಾರಂಟೈನ್ ಸೀಲು ಹಾಕಿಸಿಕೊಂಡವರಲ್ಲಿ ಎಷ್ಟೋ ಜನ ವಾಸವಿದ್ದದ್ದು ಇದೇ ಗೇಟುಗಳ ಒಳಗೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಗೇಟಿನಲ್ಲಿ ತಡೆದು ನಿಲ್ಲಿಸಿದ್ದು ಯಾರನ್ನು? ಎರಡು ಕಿಲೋಮೀಟರ್ ಆಚೆಯ ಕೊಳೆಗೇರಿಯಿಂದ ನಡೆದುಕೊಂಡು ಬಂದು ಪಾತ್ರೆ ತೊಳೆಯುವ ಹೆಂಗಸನ್ನು. ವಿಮಾನವನ್ನು ಆಕಾಶದಲ್ಲಿ ಮಾತ್ರ ನೋಡಿದವಳನ್ನು. ಅವಳಿಂದ ನಮಗೆ ರೋಗ ಬರುತ್ತದೆ ಎಂದು ಯಾವ ವೈದ್ಯರು ಹೇಳಿದ್ದರು? ನಮ್ಮಿಂದ ಅವಳಿಗೆ ಬರಬಹುದು, ಅವಳಿಂದ ಅವಳ ಒಂದೇ ಕೋಣೆಯ ಮನೆಗೆ ಹರಡಬಹುದು ಎಂಬ ಯೋಚನೆ ಯಾವ ಅಸೋಸಿಯೇಷನ್ನಿನ ಸುತ್ತೋಲೆಯಲ್ಲಿ ಇತ್ತು? ನಾನು ಓದಿದ ಒಂದರಲ್ಲೂ ಇರಲಿಲ್ಲ.

2021ರ ಫೆಬ್ರುವರಿಯಲ್ಲಿ ಬಿಳೇಕಹಳ್ಳಿಯ ಅಪಾರ್ಟ್‌ಮೆಂಟ್ ಸಮುಚ್ಚಯವೊಂದರಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಸೋಂಕು ಕಾಣಿಸಿಕೊಂಡದ್ದು ನೆನಪಿರಬಹುದು. ಅವರಲ್ಲಿ ಬಹುಪಾಲು ಅರವತ್ತು ದಾಟಿದವರು. ಅದಕ್ಕೆ ಮೊದಲು ಅಲ್ಲಿ ನಡೆದದ್ದು ನಿವಾಸಿಗಳ ಒಂದು ಸಂತೋಷಕೂಟ. ಅಂದರೆ ಗೇಟಿನ ಒಳಗಿನವರು ಒಳಗಿನವರ ಜತೆ ಸೇರಿ ಮಾಡಿಕೊಂಡ ಊಟ. ಆ ಸುದ್ದಿ ಬಂದ ಮೇಲೂ ಯಾವ ಸಮುಚ್ಚಯವೂ ‘ನಮ್ಮ ಪಾರ್ಟಿಗಳು ಅಪಾಯಕಾರಿ’ ಎಂದು ಗೇಟಿಗೆ ಬೋರ್ಡು ತಗುಲಿಸಿದ್ದನ್ನು ನಾನು ಕಾಣಲಿಲ್ಲ. ‘ಮನೆಗೆಲಸದವರು ಇಲ್ಲಿ ಕಾಯಿರಿ’ ಎಂಬ ಬೋರ್ಡು ಮಾತ್ರ ಅಲುಗಾಡದೆ ಇತ್ತು.

ಆ ಬೋರ್ಡಿನ ಕೆಳಗೆ ಏನು ನಡೆಯುತ್ತಿತ್ತು ಎಂಬುದನ್ನು ಒಂದಿಷ್ಟು ಹತ್ತಿರದಿಂದ ಹೇಳಬೇಕು. 2020ರ ಬೇಸಿಗೆ ಮುಗಿಯುತ್ತಾ ಬಂದಿತ್ತು; ನಿರ್ಬಂಧಗಳು ಸಡಿಲವಾಗಿದ್ದವು; ಮನೆಗೆಲಸದವರನ್ನು ಬಿಡಬೇಕೋ ಬೇಡವೋ ಎಂಬುದನ್ನು ಹೆಚ್ಚುಕಡಿಮೆ ಸಂಘಗಳ ಇಷ್ಟಕ್ಕೇ ಬಿಟ್ಟುಬಿಡಲಾಗಿತ್ತು. ನಮ್ಮ ಗೇಟಿನ ಪಕ್ಕ ಒಂದು ಮೇಜು, ಮೇಜಿನ ಮೇಲೆ ರಿಜಿಸ್ಟರು, ದಾರ ಕಟ್ಟಿದ ಪೆನ್ನು, ಸ್ಯಾನಿಟೈಸರ್ ಬಾಟಲಿ. ನೆಲದ ಮೇಲೆ ಹಳದಿ ಬಣ್ಣದ ಗೆರೆ. ಗೆರೆಯ ಆಚೆ ಬಿಸಿಲಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ಸೆರಗನ್ನೇ ಎರಡು ಸುತ್ತು ಸುತ್ತಿ ಮೂಗು ಮುಚ್ಚಿಕೊಂಡು ನಿಂತಿದ್ದಾಳೆ. ಅವಳಿಗೆ ಕೆಲಸ ಕೊಟ್ಟ ಮನೆಯವರು ‘ಇವಳ ಜವಾಬ್ದಾರಿ ನಮ್ಮದು’ ಎಂದು ಪತ್ರ ಬರೆದುಕೊಡಬೇಕು. ಫೋನು ಎತ್ತುತ್ತಿಲ್ಲ. ಕಾವಲಿನ ಹುಡುಗ ದನಿ ತಗ್ಗಿಸಿ, ‘ಅಕ್ಕಾ, ಸ್ವಲ್ಪ ಆ ಕಡೆ ನಿಂತ್ಕೊಳಿ, ಮೇಡಂ ನೋಡಿದ್ರೆ ನಂಗೆ ಬೈತಾರೆ’ ಅನ್ನುತ್ತಾನೆ. ಅವಳು ಸರಿಯುತ್ತಾಳೆ. ಅಷ್ಟರಲ್ಲಿ ಒಳಗಿನವರೊಬ್ಬರು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, ನಾಯಿಯನ್ನು ಹಿಡಿದುಕೊಂಡು, ಫೋನಿನಲ್ಲಿ ಜೋರಾಗಿ ಮಾತಾಡುತ್ತಾ ಗೇಟು ದಾಟಿ ಹೋಗುತ್ತಾರೆ, ಅರ್ಧ ಗಂಟೆ ಬಿಟ್ಟು ಹಾಗೆಯೇ ಒಳಗೆ ಬರುತ್ತಾರೆ. ರಿಜಿಸ್ಟರಿಲ್ಲ, ಥರ್ಮಾಮೀಟರಿಲ್ಲ, ಪತ್ರವಿಲ್ಲ. ಹೆಂಗಸು ಇನ್ನೂ ಅಲ್ಲೇ ನಿಂತಿದ್ದಾಳೆ.

ಇದನ್ನು ಸೋಂಕು ನಿಯಂತ್ರಣ ಎಂದು ಕರೆಯುವವರು, ಯಾರ ಉಸಿರು ಯಾರಿಗೆ ತಗುಲುತ್ತಿತ್ತು ಎಂಬುದನ್ನು ನನಗೆ ವಿವರಿಸಲಿ.

ಇನ್ನು ಸಂಬಳದ ವಿಷಯ. ‘ಬರಬೇಡ ಅಂದೆವು, ಆದರೆ ಸಂಬಳ ಕೊಟ್ಟೆವು’ ಎಂದು ಹೇಳಿಕೊಳ್ಳುವವರು ಎಲ್ಲ ಅಪಾರ್ಟ್‌ಮೆಂಟಿನಲ್ಲೂ ಸಿಗುತ್ತಾರೆ. ಕೊಟ್ಟವರು ಇದ್ದಾರೆ, ನಿಜ. ಆದರೆ ಬೆಂಗಳೂರಿನ ಮನೆಗೆಲಸದವರ ಸಂಘಟನೆಗಳು ಆಗ 2,396 ಮಂದಿಯನ್ನು ಸಮೀಕ್ಷೆ ಮಾಡಿದಾಗ ಅವರಲ್ಲಿ ಶೇ 91ರಷ್ಟು ಮಂದಿಗೆ ಏಪ್ರಿಲ್ ತಿಂಗಳ ಸಂಬಳವೇ ಬಂದಿರಲಿಲ್ಲ. ಈ ಅಂಕಿಯನ್ನು ಇಟ್ಟುಕೊಂಡು ‘ನಾವು ಚೆನ್ನಾಗಿ ನಿಭಾಯಿಸಿದೆವು’ ಎಂಬ ಮಾತನ್ನು ಇನ್ನೊಮ್ಮೆ ಹೇಳಿ ನೋಡಿ. ‘ನಾವು’ ಎಂದರೆ ಯಾರು? ನಾಲ್ಕು ಮನೆ ಪಾತ್ರೆ, ಎರಡು ಮನೆ ಅಡುಗೆ ಮಾಡಿ ಬಾಡಿಗೆ ಕಟ್ಟಿ ಮಕ್ಕಳ ಫೀಜು ಹೊಂದಿಸುತ್ತಿದ್ದವಳು ಆ ‘ನಾವು’ ಎಂಬುದರ ಒಳಗೆ ಇದ್ದಳೇ?

ಆ ತಿಂಗಳು ಯಾರ ಮನೆಯ ಮೇಂಟೆನೆನ್ಸ್ ಬಾಕಿಯನ್ನೂ ಅಸೋಸಿಯೇಷನ್ನುಗಳು ಮನ್ನಾ ಮಾಡಲಿಲ್ಲ. ಈಜುಕೊಳ ಮುಚ್ಚಿತ್ತು, ಜಿಮ್ ಮುಚ್ಚಿತ್ತು, ಕ್ಲಬ್‌ಹೌಸ್ ಮುಚ್ಚಿತ್ತು. ಆದರೂ ಮೇಂಟೆನೆನ್ಸ್ ಕಟ್ಟಬೇಕಿತ್ತು, ಯಾಕೆಂದರೆ ಕಟ್ಟಡದ ಖರ್ಚು ನಿಲ್ಲುವುದಿಲ್ಲ. ಸರಿಯಾದ ಮಾತೇ. ಕಟ್ಟಡದ ಖರ್ಚು ನಿಲ್ಲುವುದಿಲ್ಲವಾದರೆ ಮನುಷ್ಯರ ಹೊಟ್ಟೆಯ ಖರ್ಚು ನಿಲ್ಲುತ್ತದೆಯೇ?

ಸರ್ಕಾರವೂ ಈ ಹೆಂಗಸರನ್ನು ಕಣ್ಣೆತ್ತಿ ನೋಡಲಿಲ್ಲ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಆದೇಶ, ಕೆಲಸಗಾರರಿಗೆ ಕಡಿತವಿಲ್ಲದೆ ಸಂಬಳ ಕೊಡಬೇಕೆಂದು ಹೇಳಿತು. ಅದು ಹೆಸರಿಸಿದ್ದು ಕೈಗಾರಿಕೆಗಳನ್ನು, ಅಂಗಡಿಗಳನ್ನು, ವಾಣಿಜ್ಯ ಸಂಸ್ಥೆಗಳನ್ನು. ಮನೆ ಅದರಲ್ಲಿ ಇರಲಿಲ್ಲ. ಮೇ ತಿಂಗಳಲ್ಲಿ ಆ ಆದೇಶವೂ ಹಿಂದಕ್ಕೆ ಹೋಯಿತು. ಅದೇ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಪ್ಯಾಕೇಜ್ ಘೋಷಿಸಿತು. ಹೂ ಬೆಳೆಗಾರರು, ಕ್ಷೌರಿಕರು, ಅಗಸರು, ಆಟೊ-ಟ್ಯಾಕ್ಸಿ ಚಾಲಕರು, ನೇಕಾರರು, ಕಟ್ಟಡ ಕಾರ್ಮಿಕರು ಅದರಲ್ಲಿದ್ದರು. ಮನೆಗೆಲಸದವರು ಇರಲಿಲ್ಲ. ಮುಂದಿನ ವರ್ಷ ಎರಡನೇ ಅಲೆಯಲ್ಲಿ ಅವರ ಹೆಸರು ಪಟ್ಟಿಗೆ ಬಂತು: ತಲೆಗೆ 2,000 ರೂಪಾಯಿ, ಅದೂ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿದವರಿಗೆ. ಸೈಬರ್ ಸೆಂಟರುಗಳು ಬಾಗಿಲು ಹಾಕಿದ್ದ ಕಾಲದಲ್ಲಿ, ಕೀಪ್ಯಾಡ್ ಫೋನಿನವಳು ಅದಕ್ಕೆ ಅರ್ಜಿ ಹಾಕುವುದು ಹೇಗೆ? ಮನೆಗೆಲಸಕ್ಕೆ 2004ರಷ್ಟು ಹಿಂದೆಯೇ ಕನಿಷ್ಠ ವೇತನ ಗೊತ್ತುಪಡಿಸಿದ ರಾಜ್ಯ ನಮ್ಮದು. ಹಾಗೆಂದು ಹೆಮ್ಮೆಪಡುವ ನಾವು, ನಮ್ಮದೇ ಮನೆಯಲ್ಲಿ ಕೆಲಸ ಮಾಡುವವರಿಗೆ ಆ ವೇತನ ಎಷ್ಟು ಎಂದು ಒಮ್ಮೆಯಾದರೂ ಕೇಳಿ ತಿಳಿದುಕೊಂಡಿದ್ದೇವೆಯೇ?

ಆ ದಿನಗಳಲ್ಲಿ ಗಂಡಸರು ಪಾತ್ರೆ ತೊಳೆಯುವ, ನೆಲ ಒರೆಸುವ ಫೋಟೊಗಳು ವಾಟ್ಸ್‌ಆ್ಯಪ್‌ನಲ್ಲಿ ಎಷ್ಟು ಓಡಾಡಿದವು! ಮನೆಗೆಲಸ ಎಷ್ಟು ಕಷ್ಟ ಎಂದು ಈಗ ಗೊತ್ತಾಯಿತು ಎಂದು ಎಷ್ಟು ಜನ ಬರೆದುಕೊಂಡರು! ಬಗ್ಗಿ ಬಗ್ಗಿ ಸೊಂಟ ನೋವು ಬಂದ ಆ ಅನುಭವದಿಂದ ಎಷ್ಟು ಮನೆಗಳಲ್ಲಿ ಸಂಬಳ ಏರಿತು? ವಾರಕ್ಕೊಂದು ರಜೆ ಎಷ್ಟು ಮನೆಗಳಲ್ಲಿ ಸಿಕ್ಕಿತು? ನನಗೆ ತಿಳಿದಂತೆ ಆದದ್ದು ಇಷ್ಟೇ: ಪಾತ್ರೆ ತೊಳೆಯುವ ಯಂತ್ರ ಕೊಂಡವರು, ‘ಈಗ ಕೆಲಸ ಕಡಿಮೆ ಆಯ್ತಲ್ಲ’ ಎಂದು ಸಂಬಳವನ್ನೂ ಇಳಿಸಿದರು.

ಮನೆಗೆಲಸದವರನ್ನು ಹೊರಗಿಟ್ಟ ಗೇಟು ಕಾವಲಿನವರನ್ನು ಒಳಗಿಟ್ಟಿತು. ಅಸ್ಸಾಮಿನಿಂದ, ಒಡಿಶಾದಿಂದ, ನಮ್ಮದೇ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಸೆಕ್ಯುರಿಟಿ ಕೆಲಸ ಮಾಡುವ ಹುಡುಗರನ್ನು ಎಷ್ಟೋ ಕಡೆ ‘ಹೊರಗೆ ಹೋಗಿ ಬಂದರೆ ಸೋಂಕು ತರುತ್ತೀರಿ’ ಎಂದು ಬೇಸ್‌ಮೆಂಟಿನಲ್ಲೇ ಮಲಗಿಸಲಾಯಿತು. ಕಾರುಗಳ ನಡುವೆ ರಟ್ಟು ಹಾಸಿಕೊಂಡು, ಒಂದೇ ಶೌಚಾಲಯವನ್ನು ಹತ್ತಾರು ಜನ ಹಂಚಿಕೊಂಡು ಅವರು ತಿಂಗಳುಗಟ್ಟಲೆ ಕಳೆದರು. ಗಾಳಿಯಾಡದ ನೆಲಮಾಳಿಗೆಯಲ್ಲಿ ಜನರನ್ನು ಒಟ್ಟಿಗೆ ಮಲಗಿಸುವುದು ಯಾವ ವೈದ್ಯಶಾಸ್ತ್ರ? ಯಾರನ್ನು ಯಾರಿಂದ ಕಾಪಾಡಲು ಈ ವ್ಯವಸ್ಥೆ? ಸಂಜೆ ಐದಕ್ಕೆ ಅವರಿಗಾಗಿ ತಟ್ಟೆ ಬಡಿದವರೇ ರಾತ್ರಿ ಹತ್ತಕ್ಕೆ ಅವರನ್ನು ನೆಲಮಾಳಿಗೆಗೆ ಕಳುಹಿಸಿದರು.

ಇದೇ ಸಮಯದಲ್ಲಿ ಇನ್ನೊಂದು ಮಾತು ಹುಟ್ಟಿಕೊಂಡಿತು. ಅದು ಈ ಎಲ್ಲದಕ್ಕಿಂತ ಹೆಚ್ಚು ಅಪಾಯಕಾರಿ ಎಂದು ನನಗೆ ಈಗಲೂ ಅನ್ನಿಸುತ್ತದೆ. ‘ನೋಡಿ, ನಮ್ಮ ಹಿರಿಯರ ಮಡಿ ಎಷ್ಟು ವೈಜ್ಞಾನಿಕವಾಗಿತ್ತು! ಮುಟ್ಟದೆ ದೂರ ನಿಲ್ಲುವುದು, ಹೊರಗಿನಿಂದ ಬಂದರೆ ಸ್ನಾನ, ಬೇರೆ ಲೋಟ, ಬೇರೆ ತಟ್ಟೆ. ಇವತ್ತು ಇಡೀ ಜಗತ್ತು ಅದನ್ನೇ ಮಾಡುತ್ತಿದೆ.’ ಇದನ್ನು ಇಂಜಿನಿಯರುಗಳು ಹೇಳಿದರು, ನಿವೃತ್ತ ಪ್ರೊಫೆಸರುಗಳು ಹೇಳಿದರು, ಮಕ್ಕಳ ಎದುರಿಗೆ ಹೇಳಿದರು. ಮಡಿ ಯಾವ ಕಾಲದಲ್ಲಿ ಕಾಯಿಲೆ ಇದ್ದವರನ್ನು ನೋಡಿ ದೂರ ಇಟ್ಟಿತ್ತು? ಅದು ದೂರ ಇಟ್ಟದ್ದು ಹುಟ್ಟನ್ನು ನೋಡಿ. ಜ್ವರ ಬಂದ ಮೇಲ್ಜಾತಿಯವನು ಒಳಗೇ ಇದ್ದ, ಗಟ್ಟಿಮುಟ್ಟಾದ ದಲಿತ ಹೊರಗೇ ನಿಂತ. ಶತಮಾನಗಳ ಅವಮಾನಕ್ಕೆ ಸೂಕ್ಷ್ಮಜೀವಿ ಶಾಸ್ತ್ರದ ಸರ್ಟಿಫಿಕೇಟ್ ಕೊಟ್ಟ ಈ ಮಾತನ್ನು ಯಾರೂ ಎದ್ದು ನಿಂತು ಖಂಡಿಸಲಿಲ್ಲ. ಗುಂಪಿನಲ್ಲಿ ಕೈಮುಗಿದ ಚಿಹ್ನೆಗಳು ಬಂದವು, ಅಷ್ಟೇ.

ಬೆಂಗಳೂರಿಗೆ ಇದು ಹೊಸದೂ ಅಲ್ಲ. 1898ರಲ್ಲಿ ಪ್ಲೇಗ್ ಬಂದ ಮೇಲೆ ಕಿಕ್ಕಿರಿದ ಪೇಟೆ ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದರು. ಅಗಲ ರಸ್ತೆ, ಗಾಳಿ ಬೆಳಕು, ಉದ್ಯಾನ. ಆ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿಗಳಿದ್ದವು. ಮಲ ಹೊರುವವರು ಮನೆಯ ಮುಂಬಾಗಿಲ ಕಡೆ ಸುಳಿಯದೆ ಆ ಓಣಿಯಿಂದಲೇ ಬಂದು, ಆ ಓಣಿಯಿಂದಲೇ ಹೋಗಬೇಕಿತ್ತು. ಊರನ್ನು ಆರೋಗ್ಯವಾಗಿ ಇಡುತ್ತಿದ್ದವರು ಊರಿಗೆ ಕಾಣಿಸಬಾರದಾಗಿತ್ತು. ಇಂದಿನ ಸರ್ವಿಸ್ ಲಿಫ್ಟು ಆ ಓಣಿಯ ಮುಂದುವರಿಕೆ. ನೂರಿಪ್ಪತ್ತು ವರ್ಷಗಳಲ್ಲಿ ಓಣಿ ಎದ್ದು ನಿಂತಿದೆ, ಅಷ್ಟೇ ವ್ಯತ್ಯಾಸ.

‘ಆಗ ಯಾರಿಗೂ ಏನೂ ಗೊತ್ತಿರಲಿಲ್ಲ, ಭಯವಿತ್ತು, ತಪ್ಪಾಗಿದ್ದರೆ ಭಯದಿಂದ ಆಗಿದೆ’ ಎನ್ನುವ ಸಮಜಾಯಿಷಿ ಇದೆ. ಇದು ನಿಲ್ಲುವ ವಾದವಲ್ಲ. ಭಯ ಎಲ್ಲರಿಗೂ ಇತ್ತು. ಮನೆಗೆಲಸದವರಿಗೂ ಇತ್ತು, ಅವರಿಗೆ ಆಸ್ಪತ್ರೆಯ ಹಾಸಿಗೆ ಸಿಗುವ ಸಾಧ್ಯತೆ ಕಡಿಮೆಯಾದ್ದರಿಂದ ಇನ್ನೂ ಹೆಚ್ಚಿತ್ತು. ಭಯದಿಂದ ಹುಟ್ಟಿದ ನಿಯಮವಾದರೆ ಎಲ್ಲರ ಮೇಲೂ ಸಮನಾಗಿ ಬೀಳಬೇಕಿತ್ತು. ಅದು ಒಂದೇ ದಿಕ್ಕಿಗೆ ಬಿದ್ದದ್ದು ಯಾಕೆ? ಇನ್ನೂ ಮುಖ್ಯವಾದ ಪ್ರಶ್ನೆ: ಗೊತ್ತಾದ ಮೇಲೆ ಏನು ಮಾಡಿದಿರಿ? ಈ ಸೋಂಕು ಮುಖ್ಯವಾಗಿ ಉಸಿರಿನ ಗಾಳಿಯಿಂದ ಹರಡುತ್ತದೆ, ಮುಟ್ಟಿದ ವಸ್ತುಗಳಿಂದ ಹರಡುವ ಅಪಾಯ ಬಹಳ ಕಡಿಮೆ ಎಂಬುದು 2021ರ ಹೊತ್ತಿಗೆ ಜಗತ್ತಿನ ಪ್ರಮುಖ ಆರೋಗ್ಯ ಸಂಸ್ಥೆಗಳು ಒಪ್ಪಿದ ವಿಷಯವಾಗಿತ್ತು. ಆಗ ಪತ್ರಿಕೆಯನ್ನು ಇಸ್ತ್ರಿ ಮಾಡುವುದು ನಿಂತಿತು, ತರಕಾರಿಯನ್ನು ಸೋಪಿನಲ್ಲಿ ತೊಳೆಯುವುದು ನಿಂತಿತು. ಕೆಲಸದವರ ಬೇರೆ ಲಿಫ್ಟು ನಿಲ್ಲಲಿಲ್ಲ. ನಮಗೆ ತೊಂದರೆ ಕೊಡುತ್ತಿದ್ದ ನಿಯಮಗಳನ್ನು ಬಿಟ್ಟೆವು, ಅವರಿಗೆ ತೊಂದರೆ ಕೊಡುವ ನಿಯಮಗಳನ್ನು ಇಟ್ಟುಕೊಂಡೆವು.

2021ರ ಮೇ-ಜೂನ್‌ನಲ್ಲಿ ಲಸಿಕೆಯ ವಿಷಯದಲ್ಲೂ ಇದೇ ಆಯಿತು. ಖಾಸಗಿ ಆಸ್ಪತ್ರೆಗಳ ಜತೆ ಒಪ್ಪಂದ ಮಾಡಿಕೊಂಡು ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸಿನಲ್ಲಿ ಲಸಿಕಾ ಶಿಬಿರಗಳು ನಡೆದವು. ಆಚೆ ಬೀದಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಎದುರು ಜನ ಬೆಳಗಿನ ಜಾವವೇ ಸಾಲು ನಿಂತು, ಟೋಕನ್ ಮುಗಿದು ವಾಪಸು ಹೋಗುತ್ತಿದ್ದರು. ಲಸಿಕೆ ಸಿಗದ ಅದೇ ಜನರಿಂದ ನಮ್ಮ ಗೇಟುಗಳು ಲಸಿಕೆಯ ಸರ್ಟಿಫಿಕೇಟ್ ಕೇಳಿದವು. ಇಲ್ಲದವರಿಗೆ ಕೆಲಸವಿಲ್ಲ.

ಅಸೋಸಿಯೇಷನ್ ಎಂದರೇನು? ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದವು, ಕೆಲವು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ರಚನೆಯಾದವು. ನೀರಿನ ಟ್ಯಾಂಕು, ಲಿಫ್ಟು, ಜನರೇಟರು, ಕಸ, ಉದ್ಯಾನ ಇವನ್ನು ನೋಡಿಕೊಳ್ಳುವುದು ಅವುಗಳ ಕೆಲಸ. ಜನರ ಸಂಚಾರವನ್ನು ನಿರ್ಬಂಧಿಸುವ, ದಂಡ ಹಾಕುವ, ಬಾಡಿಗೆದಾರರನ್ನು ಎಬ್ಬಿಸುವ ಅಧಿಕಾರವನ್ನು ಅವಕ್ಕೆ ಕೊಟ್ಟವರು ಯಾರು? ಯಾರೂ ಕೊಡಲಿಲ್ಲ, ಅವು ತೆಗೆದುಕೊಂಡವು, ನಾವು ಸುಮ್ಮನಿದ್ದೆವು. ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಬಂದ ನರ್ಸ್‌ಗಳಿಗೆ, ಕಿರಿಯ ವೈದ್ಯರಿಗೆ ಮನೆ ಖಾಲಿ ಮಾಡಲು ಹೇಳಿದ ಪ್ರಕರಣಗಳು ದೇಶದ ಉದ್ದಗಲಕ್ಕೂ ವರದಿಯಾದವು. ಮನೆಮನೆ ಸುತ್ತಿ ಸಮೀಕ್ಷೆ ಮಾಡುತ್ತಿದ್ದ ಆಶಾ ಕಾರ್ಯಕರ್ತೆಯರನ್ನು ಬಾಗಿಲಲ್ಲೇ ಗದರಿಸಿ ಕಳುಹಿಸಿದವರು ಬರೀ ಬಡ ಬಸ್ತಿಗಳಲ್ಲಿ ಇರಲಿಲ್ಲ. ಆ ಹೆಂಗಸರು 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದಾಗ ಅವರ ಪರವಾಗಿ ಎಷ್ಟು ನಿವಾಸಿ ಸಂಘಗಳು ಒಂದು ಪತ್ರವನ್ನಾದರೂ ಬರೆದವು?

ಮೊದಲು ಹೊರಗಿನವರನ್ನು ತಡೆದ ಗೇಟು ಆಮೇಲೆ ಒಳಗಿನವರನ್ನೇ ತಿನ್ನಲು ಶುರುಮಾಡಿತು. ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಬಹಿರಂಗ ಮಾಡಿತು. ಅದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿತು. ಬಾಗಿಲಿಗೆ ಪೋಸ್ಟರ್ ಅಂಟಿತು. ಎದುರುಮನೆಯವರು ಬಾಲ್ಕನಿಯಿಂದ ಫೋಟೊ ತೆಗೆದು ‘ಇವರು ಬಾಗಿಲು ತೆರೆದಿದ್ದಾರೆ’ ಎಂದು ಗುಂಪಿಗೆ ಹಾಕಿದರು. ಅಧಿಕಾರಿಯ ಆದೇಶವಿಲ್ಲದೆ ಹೀಗೆ ಪೋಸ್ಟರ್ ಅಂಟಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2020ರ ಡಿಸೆಂಬರ್ ಬಂದಿತ್ತು. ಅಷ್ಟರಲ್ಲಿ ಆಗಬೇಕಾದ ಅವಮಾನವೆಲ್ಲ ಆಗಿಹೋಗಿತ್ತು. ಅದೇ ವರ್ಷದ ಜುಲೈನಲ್ಲಿ ದೊಮ್ಮಲೂರಿನ ಅಪಾರ್ಟ್‌ಮೆಂಟೊಂದರಲ್ಲಿ ಬಿಬಿಎಂಪಿಯ ಸಿಬ್ಬಂದಿ ಎರಡು ಮನೆಗಳ ಬಾಗಿಲಿಗೆ ಲೋಹದ ಶೀಟು ಹೊಡೆದುಬಿಟ್ಟರು. ಒಂದು ಮನೆಯೊಳಗೆ ತಾಯಿ ಮತ್ತು ಇಬ್ಬರು ಪುಟ್ಟ ಮಕ್ಕಳು, ಇನ್ನೊಂದರಲ್ಲಿ ವೃದ್ಧ ದಂಪತಿ. ಬೆಂಕಿ ಬಿದ್ದಿದ್ದರೆ? ಚಿತ್ರ ಹೊರಬಂದ ಮೇಲೆ ಶೀಟು ತೆಗೆದರು, ಆಗಿನ ಆಯುಕ್ತ ಎನ್. ಮಂಜುನಾಥ ಪ್ರಸಾದ್ ಕ್ಷಮೆ ಕೇಳಿದರು. ಆಯುಕ್ತರಾದರೂ ಕ್ಷಮೆ ಕೇಳಿದರು. ಬಿಸಿಲಲ್ಲಿ ನಿಲ್ಲಿಸಿದ ಹೆಂಗಸರ ಕ್ಷಮೆ ಕೇಳಿದ ಅಸೋಸಿಯೇಷನ್ ಯಾವುದು?

ತಳ್ಳುಗಾಡಿಯವರ ಹೆಸರು ಕೇಳಿದ್ದನ್ನೂ ಬಿಡುವಂತಿಲ್ಲ. 2020ರ ಏಪ್ರಿಲ್‌ನಲ್ಲಿ ಎಷ್ಟೋ ಬಡಾವಣೆಗಳ ಬಾಯಲ್ಲಿ ತರಕಾರಿ ಮಾರುವವನ ಧರ್ಮ ಯಾವುದು ಎಂಬುದೇ ಆರೋಗ್ಯದ ಪ್ರಶ್ನೆಯಾಯಿತು. ಸೊಪ್ಪು ತಾಜಾ ಇದೆಯೇ ಎಂದು ಕೇಳುತ್ತಿದ್ದವರು ಹೆಸರು ಹೇಳು ಎಂದರು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಮುಸ್ಲಿಮರ ವಿರುದ್ಧ ಮಾತಾಡಿದರೆ ಕ್ರಮ ತೆಗೆದುಕೊಳ್ಳುತ್ತೇನೆ ಎಂದು ಬಹಿರಂಗವಾಗಿ ಎಚ್ಚರಿಸಬೇಕಾಯಿತು ಎಂದರೆ ನಮ್ಮ ಬೀದಿಗಳು ಎಲ್ಲಿಗೆ ತಲುಪಿದ್ದವು ಎಂದು ಯೋಚಿಸಿ. ಹತ್ತು ವರ್ಷದಿಂದ ಅದೇ ಬೀದಿಗೆ ಗಾಡಿ ತರುತ್ತಿದ್ದವನು ಒಂದು ಬೆಳಿಗ್ಗೆ ಆಧಾರ್ ಕಾರ್ಡ್ ತೋರಿಸಬೇಕಾಗಿ ಬಂದದ್ದನ್ನು ‘ಚೆನ್ನಾಗಿ ನಿಭಾಯಿಸಿದೆವು’ ಎಂಬ ಲೆಕ್ಕದಲ್ಲಿ ಎಲ್ಲಿ ಸೇರಿಸುತ್ತೀರಿ?

ಈ ಬುದ್ಧಿ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಸೀಮಿತವಾಗಿ ಉಳಿಯಲಿಲ್ಲ. ಹಳ್ಳಿಗಳು ರಸ್ತೆಗೆ ಮುಳ್ಳು ಹಾಕಿ ತಮ್ಮ ಊರಿನದೇ ಮಕ್ಕಳನ್ನು ತಡೆದವು. ಕೇರಳದ ಗಡಿಗೆ ನಮ್ಮ ಸರ್ಕಾರ ಮಣ್ಣು ಸುರಿಯಿತು. ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಬರಬೇಕಾದ ಕಾಸರಗೋಡಿನ ರೋಗಿಗಳು ಚಿಕಿತ್ಸೆ ಸಿಗದೆ ಸತ್ತರು. ಕಾಸರಗೋಡು ನಮ್ಮದು ಎಂದು ವೇದಿಕೆಗಳಲ್ಲಿ ಭಾಷಣ ಮಾಡುವವರು ಆಗ ಎಲ್ಲಿದ್ದರು? ಅದೇ ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ತೀರಿಕೊಂಡ ಬಂಟ್ವಾಳದ ವೃದ್ಧೆಯೊಬ್ಬರ ಶವಕ್ಕೆ ಒಂದು ಸ್ಮಶಾನದ ನೆರೆಯವರು ಬೇಡ ಎಂದರು, ಇನ್ನೊಂದರ ನೆರೆಯವರೂ ಬೇಡ ಎಂದರು. ಕೊನೆಗೆ ನಡುರಾತ್ರಿಯ ಹೊತ್ತಿಗೆ ಬಂಟ್ವಾಳದ ಕೈಕುಂಜೆಯಲ್ಲಿ ಅಂತ್ಯಕ್ರಿಯೆಯಾಯಿತು. ಬೆಂಗಳೂರಿನಿಂದ ಸಿಂಧನೂರಿನ ಕಡೆಗೆ ನಡೆದು ಹೊರಟ ಕಟ್ಟಡ ಕಾರ್ಮಿಕ ಮಹಿಳೆ ಬಳ್ಳಾರಿಯ ಆಸ್ಪತ್ರೆಯಲ್ಲಿ ಸತ್ತಳು. ಊರಿಗೆ ಹೋಗುತ್ತೇವೆ ಎಂದ ವಲಸೆ ಕಾರ್ಮಿಕರ ರೈಲುಗಳನ್ನು, ಬಿಲ್ಡರುಗಳ ಜತೆ ಮುಖ್ಯಮಂತ್ರಿಗಳು ಸಭೆ ನಡೆಸಿದ ಬೆನ್ನಿಗೇ, ಸರ್ಕಾರ ರದ್ದು ಮಾಡಿತು. ಎಲ್ಲ ಕಡೆಯಿಂದ ಛೀಮಾರಿ ಬಿದ್ದ ಮೇಲೆ ಮತ್ತೆ ಬಿಟ್ಟಿತು. ಅಪಾರ್ಟ್‌ಮೆಂಟ್ ಕಟ್ಟಿದವರು ಊರಿಗೆ ಹೋಗುವಂತಿಲ್ಲ, ಕಟ್ಟಿದ ಅಪಾರ್ಟ್‌ಮೆಂಟಿನ ಒಳಗೂ ಬರುವಂತಿಲ್ಲ. ಅವರು ಇರಬೇಕಾದದ್ದು ಎಲ್ಲಿ?

‘ಹಾಗಾದರೆ ಸುರಕ್ಷತೆ ಬೇಡವೇ’ ಎಂದು ಕೇಳುವವರಿಗೆ ನನ್ನ ಉತ್ತರ: ಬೇಕು, ಎಲ್ಲರಿಗೂ ಬೇಕು. ಒಳಗಿನವರಿಗೂ ಕೆಲಸದವರಿಗೂ ಒಂದೇ ಬಗೆಯ ಮಾಸ್ಕ್, ಅಸೋಸಿಯೇಷನ್ನಿನ ದುಡ್ಡಿನಲ್ಲಿ. ಕಿಟಕಿ ತೆರೆದಿಡುವುದು. ಕೆಮ್ಮು ಜ್ವರ ಬಂದರೆ ಯಾರೇ ಆಗಲಿ ಮನೆಯಲ್ಲಿರುವುದು. ಕೆಲಸದವರಾದರೆ ಸಂಬಳ ಸಹಿತ. ಇದು ಯಾವುದೂ ದುಬಾರಿಯಲ್ಲ, ಕಷ್ಟವೂ ಅಲ್ಲ. ಇದನ್ನು ಮಾಡಿದ್ದರೆ ಗೇಟಿನಲ್ಲಿ ಯಾರನ್ನೂ ನಿಲ್ಲಿಸಬೇಕಾಗಿರಲಿಲ್ಲ. ಆದರೆ ಇದರಲ್ಲಿ ಯಾರೂ ಕೆಳಗಿನವರಾಗುವುದಿಲ್ಲ. ಅದಕ್ಕೇ ಇದು ಯಾರಿಗೂ ರುಚಿಸಲಿಲ್ಲ.

ಈಗಲೂ ನಿಮ್ಮ ಲಿಫ್ಟಿನ ಪಕ್ಕ ಹೋಗಿ ನೋಡಿ. ‘ಮನೆಗೆಲಸದವರು, ಡೆಲಿವರಿಯವರು ಸರ್ವಿಸ್ ಲಿಫ್ಟ್ ಬಳಸತಕ್ಕದ್ದು’ ಎಂಬ ಫಲಕ ಎಷ್ಟೋ ಕಡೆ ಅಲ್ಲೇ ಇದೆ. ಕಾರಿಡಾರಿನ ಬೆಂಚಿನ ಮೇಲೆ ಅವರು ಕೂರುವಂತಿಲ್ಲ. ಹೊರಗೆ ಹೋಗುವಾಗ ಅವರ ಚೀಲ ತೆರೆದು ನೋಡಲಾಗುತ್ತದೆ. ನಮ್ಮ ಚೀಲವನ್ನು ಯಾರೂ ನೋಡುವುದಿಲ್ಲ. ಅವರ ಬರುವ ಹೋಗುವ ಹೊತ್ತು, ಫೋಟೊ, ‘ರೇಟಿಂಗ್’ ಎಲ್ಲವೂ ಗೇಟಿನ ಆ್ಯಪ್‌ನಲ್ಲಿ ದಾಖಲು. ತಮ್ಮ ಬಗ್ಗೆ ಅಲ್ಲಿ ಏನು ಬರೆದಿದೆ ಎಂದು ಓದುವ ಹಕ್ಕು ಅವರಿಗಿದೆಯೇ?

ಗೃಹಕಾರ್ಮಿಕರ ಹಕ್ಕುಗಳನ್ನು ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಡಂಬಡಿಕೆ 2011ರಲ್ಲೇ ಅಂಗೀಕಾರವಾಯಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ರಾಜ್ಯ ಸರ್ಕಾರ 2025ರಲ್ಲಿ ಮನೆಗೆಲಸದವರ ಸಾಮಾಜಿಕ ಭದ್ರತೆಗಾಗಿ ಮಸೂದೆಯೊಂದರ ಕರಡು ಸಿದ್ಧಪಡಿಸಿತು. ಕರಡು ಎಂಬುದು ಸಂಬಳವಲ್ಲ, ರಜೆಯಲ್ಲ. ಅದು ಕಾಯ್ದೆಯಾಗಬೇಕು, ಕಾಯ್ದೆಯಲ್ಲಿ ನಿವಾಸಿ ಸಂಘಗಳ ಹೊಣೆಯೂ ಸ್ಪಷ್ಟವಾಗಿ ಬರೆದಿರಬೇಕು: ತುರ್ತುಸ್ಥಿತಿಯ ಹೆಸರಿನಲ್ಲಿ ಕೆಲಸದವರನ್ನು ತಡೆದರೆ, ತಡೆದ ದಿನಗಳ ಸಂಬಳಕ್ಕೆ ಮನೆಯವರೂ ಸಂಘವೂ ಒಟ್ಟಿಗೆ ಬಾಧ್ಯರು. ಸಂಘಗಳು ಯಾವ ನಿರ್ಬಂಧ ಹಾಕಬಹುದು, ಯಾವುದನ್ನು ಹಾಕುವಂತಿಲ್ಲ ಎಂಬುದನ್ನು ಸರ್ಕಾರ ಈಗಲೇ ನಿಯಮ ಮಾಡಿ ಪ್ರಕಟಿಸಬೇಕು. ಸೋಂಕು ಬಂದ ರಾತ್ರಿ ಎಂಟು ಗಂಟೆಗೆ ಟೀವಿ ಮುಂದೆ ಕೂತಾಗ ಅದು ಆಗುವ ಕೆಲಸವಲ್ಲ.

ಸರ್ಕಾರಕ್ಕೆ ಕಾಯಬೇಕಾಗಿಲ್ಲದ ಕೆಲಸವೂ ಇದೆ. ನಿಮ್ಮ ಅಪಾರ್ಟ್‌ಮೆಂಟಿನ ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಈ ಗೊತ್ತುವಳಿಗಳನ್ನು ಸೇರಿಸಲು ಇವತ್ತೇ ಕಾರ್ಯದರ್ಶಿಗೆ ಬರೆಯಿರಿ. ಎಲ್ಲ ಲಿಫ್ಟುಗಳೂ ಎಲ್ಲರಿಗೂ. ಚೀಲ ಹುಡುಕುವುದು ಇಂದಿನಿಂದ ಬಂದ್. ಕಾವಲಿನವರಿಗೆ, ಕೆಲಸದವರಿಗೆ ನೆಲಮಾಳಿಗೆಯ ಮೇಲೆ, ಗಾಳಿಯಾಡುವ ಕಡೆ ಒಂದು ಕೋಣೆ, ಕುಡಿಯುವ ನೀರು, ಬಳಸಬಹುದಾದ ಶೌಚಾಲಯ. 2020 ಮತ್ತು 2021ರಲ್ಲಿ ಹೊರಡಿಸಿದ ಎಲ್ಲ ಕೋವಿಡ್ ಸುತ್ತೋಲೆಗಳೂ ಲಿಖಿತವಾಗಿ ರದ್ದು. ಆ ತಿಂಗಳುಗಳಲ್ಲಿ ನಮ್ಮ ಗೇಟಿನಿಂದ ವಾಪಸು ಕಳುಹಿಸಿದವರ ಹೆಸರುಗಳು ಹಳೆಯ ರಿಜಿಸ್ಟರಿನಲ್ಲಿ ಇವೆ. ಅವರನ್ನು ಹುಡುಕಿ, ಯಾವ ಮನೆಯಿಂದ ಎಷ್ಟು ತಿಂಗಳ ಸಂಬಳ ಬರಲಿಲ್ಲ ಎಂದು ಕೇಳಿ, ಆ ಬಾಕಿಯನ್ನು ಸಂಘದ ನಿಧಿಯಿಂದ ಕೊಟ್ಟು, ಆಯಾ ಮನೆಯ ಮೇಂಟೆನೆನ್ಸ್ ಬಿಲ್ಲಿಗೆ ಸೇರಿಸಿ ವಸೂಲು ಮಾಡುವುದು. ಈ ಕೊನೆಯ ಗೊತ್ತುವಳಿಗೆ ಯಾರು ಕೈ ಎತ್ತುತ್ತಾರೆ, ಯಾರು ಎತ್ತುವುದಿಲ್ಲ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಹೆಸರು ಸಮೇತ ಬರೆಸಿ.